ಎರಡೂವರೆಯವರೆಗೆ

ಬೆಳಿಗ್ಗೆ ಎದ್ದಾಗಿನಿಂದ ಸರ್ ಎವರಾರ್ಡ್ ಹಾಲ್‌ಗಾರ್ತ್‌ಗೆ ಯಾರ ಮೇಲಾದರೂ ಸರಿ, ರೇಗಬೇಕು ಅನಿಸುತ್ತಿತ್ತು. ಕ್ಲಬ್ಬಿನಲ್ಲಿ ತಣ್ಣಗಾದ ಟೋಸ್ಟು ತಂದಿಟ್ಟವನ ಮೇಲೆ ರೇಗಿದ್ದಾಯಿತು. ಬೇಕೆಂತಲೇ ಚೌಕ ಸುತ್ತಿಸಿಕೊಂಡು ಬಂದ ಟ್ಯಾಕ್ಸಿಯವನ ಮೇಲೆ ರೇಗಿದ್ದಾಯಿತು. ಈಗ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಪಾರ್ಲಿಮೆಂಟಿನ ಹಸಿರು ಚರ್ಮದ ಬೆಂಚುಗಳ ನಡುವೆ ನಿಂತು, ಕಲ್ಲುಹಲಗೆಯ ಚಾವಣಿ ಹುಲ್ಲಿನ ಚಾವಣಿಗಿಂತ ಯಾಕೆ ಮೇಲು ಎಂದು ತಾನು ವಿವರಿಸುತ್ತಿರುವುದನ್ನು ತಾನೇ ಕೇಳಿಸಿಕೊಳ್ಳುತ್ತ, ಇನ್ನು ಯಾರ ಮೇಲೆ ರೇಗಲಿ ಎಂದು ಹುಡುಕುತ್ತಿದ್ದ. ಮಾತು ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಅದಕ್ಕೆ ಅವನ ಅಗತ್ಯವೇ ಇರಲಿಲ್ಲ. ಅವನು ಮಾಡಬೇಕಾದದ್ದು ಇಷ್ಟೆ: ಎರಡೂವರೆಯವರೆಗೆ ಕೂರಬಾರದು. ಶುಕ್ರವಾರ ಸದಸ್ಯರು ತಂದ ಸ್ವಂತ ಮಸೂದೆಗಳ ದಿನ. ಎರಡೂವರೆಗೆ ಸಭೆ ಮುಗಿಯುತ್ತದೆ. ಆ ಹೊತ್ತಿಗೆ ಯಾರಾದರೂ ಇನ್ನೂ ಮಾತಾಡುತ್ತಿದ್ದರೆ ಮತಕ್ಕೆ ಹಾಕಲು ಸಮಯವಿಲ್ಲ, ಮಸೂದೆ ಅಲ್ಲಿಗೆ ಸತ್ತಂತೆ. ಮಾತಾಡುವವನ ಬಾಯಿ ಮುಚ್ಚಿಸಬೇಕೆಂದರೆ ನೂರು ಜನರ ಮತ ಬೇಕು. ಎಲ್ಲರೂ ಊರಿಗೆ ಹೊರಡುವ ಶುಕ್ರವಾರ ನೂರು ಜನ ಎಲ್ಲಿಂದ ಬರಬೇಕು? ಎದುರು ಪಕ್ಷದ ಇಡ್ರಿಸ್ ಪ್ರೋಬರ್ಟ್, ಒಂದು ಕಾಲದ ಅಂಚೆಪೇದೆ, ಈ ಮಸೂದೆ ತಂದವನು, ಕೈಕಾಲು ಹಿಡಿದು ಎಂಬತ್ತಮೂರು ಜನರನ್ನು ಕೂಡಿಹಾಕಿದ್ದ. ಎವರಾರ್ಡನ ಕಡೆ ಮೂವತ್ತು ಜನವೂ ಇರಲಿಲ್ಲ. ಅವನು ಕೂತು, ಮತ ನಡೆದರೆ, ಮಸೂದೆ ಗೆದ್ದೇ ಗೆಲ್ಲುತ್ತಿತ್ತು.

ಮಸೂದೆಯೇನೂ ದೊಡ್ಡದಲ್ಲ, ಒಂದೂವರೆ ಹಾಳೆ. ದೊಡ್ಡ ಎಸ್ಟೇಟುಗಳಲ್ಲಿ ಕೆಲಸದ ಜೊತೆ ಕೊಟ್ಟ ಮನೆಯಲ್ಲಿದ್ದವನು ಸತ್ತರೆ ಅವನ ಹೆಂಡತಿಯನ್ನು, ಅವಳು ಬದುಕಿರುವ ತನಕ, ಎಬ್ಬಿಸಕೂಡದು. ಹೊಲದ ಆಳುಗಳಿಗೆ ಹತ್ತು ವರ್ಷದ ಹಿಂದೆಯೇ ಈ ರಕ್ಷಣೆ ಸಿಕ್ಕಿತ್ತು. ಬೇಟೆಕಾಡಿನ ಕಾವಲುಗಾರರು, ಮಾಲಿಗಳು, ಕುದುರೆ ನೋಡಿಕೊಳ್ಳುವವರು ಆಗ ಬಿಟ್ಟುಹೋಗಿದ್ದರು. ಇವತ್ತು ಮಸೂದೆ ಈ ಒಂದು ಹೆಜ್ಜೆ ದಾಟಿದರೆ ಈಗಾಗಲೇ ನೋಟಿಸು ಹೋಗಿರುವ ಮನೆಗಳಿಗೂ ಅದು ಅನ್ವಯಿಸುತ್ತದೆ ಎಂದು ಕೊನೆಯ ಕಲಮು ಹೇಳುತ್ತಿತ್ತು. ಪಕ್ಷದ ಸಚೇತಕ, ಮೂವತ್ತೈದು ದಾಟದ ಹುಡುಗುಮುಖದವನು, ಬುಧವಾರ ಮೊಗಸಾಲೆಯಲ್ಲಿ ತೋಳು ಹಿಡಿದುಕೊಂಡಿದ್ದ. "ಮೇಲಿನವರಿಗೆ ಇದು ಬೇಡ ಸರ್ ಎವರಾರ್ಡ್. ಆದ್ರೆ ಗಂಡ ಸತ್ತೋರ ವಿರುದ್ಧ ಓಟು ಹಾಕಿದ್ರು ಅಂತ ಪೇಪರಲ್ಲಿ ಬರೋದೂ ಬೇಡ. ಸುಮ್ನೆ ಹೊತ್ತು ಕಳೀಬೇಕು, ಅಷ್ಟೆ. ನಿಮ್ಮಷ್ಟು ಚೆನ್ನಾಗಿ ಅದು ಇನ್ಯಾರಿಗೆ ಬರುತ್ತೆ ಹೇಳಿ?" ಹಾವು ಸಾಯಬೇಕು, ಕೋಲು ಮುರಿಯಬಾರದು. ಆ ಕೋಲು ತಾನು ಎಂದು ಎವರಾರ್ಡನಿಗೆ ಗೊತ್ತಾಗದೆ ಇರಲಿಲ್ಲ. ಗೊತ್ತಾಗಿಯೂ ಹೊಗಳಿಕೆಗೆ ಹಲ್ಲು ಬಿಟ್ಟಿದ್ದ. ಆ ಹಲ್ಲುಗಿಂಜಿದ್ದು ನೆನಪಾಗಿ ಈಗ ಕಿವಿ ಬಿಸಿಯಾಯಿತು.

ಇದು ಮನೆತನದ ವಿದ್ಯೆ. ಕೋಲ್ಡ್‌ಬೆಕ್ ಕ್ಷೇತ್ರಕ್ಕೆ ನೂರಹನ್ನೆರಡು ವರ್ಷದಿಂದ ಹಾಲ್‌ಗಾರ್ತ್‌ಗಳದೇ ಹೆಸರು. ಮುತ್ತಾತ, ತಾತ, ಅಪ್ಪ, ಅವನು. ಏಳನೇ ವಯಸ್ಸಿಗೇ ಅಪ್ಪ ಅವನನ್ನು ಊಟದ ಮನೆಯ ಕುರ್ಚಿಯ ಮೇಲೆ ನಿಲ್ಲಿಸಿ, ಗಡಿಯಾರ ಕೈಯಲ್ಲಿ ಹಿಡಿದು, "ಚಮಚದ ಮೇಲೆ ಹತ್ತು ನಿಮಿಷ ಮಾತಾಡು" ಅನ್ನುತ್ತಿದ್ದ. ತೊದಲಿದರೆ ಮೊದಲಿಂದ. ಚಮಚ, ಗೇಟು, ಉಪ್ಪು, ನಾಯಿಯ ಬಾಲ. ಅಳು ಬಂದರೂ ನಿಲ್ಲಿಸುವಂತಿರಲಿಲ್ಲ, ಅಳುತ್ತಲೇ ಉಪ್ಪಿನ ಬಗ್ಗೆ ಹೇಳಬೇಕಿತ್ತು. ಮುಂದೆ ಅದೇ ಕುರ್ಚಿಯ ಮೇಲೆ ಅವನೇ ತನ್ನ ಮಗ ಪಿಯರ್ಸನನ್ನು ನಿಲ್ಲಿಸಿದ. ಈ ವಿದ್ಯೆಯಿಂದ ಬಂದದ್ದೇನು? ಮೂವತ್ನಾಲ್ಕು ವರ್ಷ ಈ ಸಭೆಯಲ್ಲಿ ಕೂತ. ಮಂತ್ರಿಯಾಗಲಿಲ್ಲ. ಅವನ ಹೆಸರಿನಲ್ಲಿ ಒಂದು ಕಾನೂನು, ಒಂದೇ ಒಂದು ಸಾಲು, ಎಲ್ಲೂ ಇಲ್ಲ. ಕೊಂದ ಮಸೂದೆಗಳು ಮಾತ್ರ ಹದಿನಾಲ್ಕು: ನದಿಗೆ ಬಣ್ಣದ ನೀರು ಬಿಡುವವರ ಮೇಲಿನದು, ಕಿವುಡ ಮಕ್ಕಳ ಶಾಲೆಯದು, ಗುಡ್ಡದ ಕಾಲುದಾರಿಗಳದು. ಪ್ರತಿಯೊಂದನ್ನೂ ಹೊಗಳುತ್ತ ಹೊಗಳುತ್ತಲೇ ಕೊಂದಿದ್ದ. ಸರ್ ಪದವಿ ಕೊಟ್ಟದ್ದೂ ಬಹುಶಃ ಅದಕ್ಕೇ. ಕಟುಕನಿಗೂ ಒಂದು ಕತ್ತಿಯಾದರೂ ಬೇಕು. ತನಗೆ ಒಂದು ಲೋಟ ನೀರು ಸಾಕಾಗಿತ್ತು.

"ಮಾನ್ಯ ಸಭಾಧ್ಯಕ್ಷರೇ, ಚಾವಣಿಯ ಮಾತು ಬಂದ ಮೇಲೆ ತೊಲೆಯ ಮಾತು ಬಿಡುವುದು ನ್ಯಾಯವಲ್ಲ" ಎಂದು ಕತ್ತೆತ್ತಿದಾಗ ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಕಡುನೀಲಿ ಹ್ಯಾಟು ಕಂಡಿತು. ಹ್ಯಾಟಿನ ಕೆಳಗೆ ವಿನ್ನಿ ಕ್ಯಾಪ್‌ಸ್ಟಿಕ್. ತೊಲೆ ಎಂಬಲ್ಲಿಗೇ ಮಾತು ಕಚ್ಚಿಕೊಂಡಿತು. ಅವಳೇ, ಅನುಮಾನವಿಲ್ಲ. ಅಕ್ಟೋಬರಿನಲ್ಲಿ ಗಂಡ ಜಾಸ್‌ನನ್ನು, ಹಾಲ್‌ಗಾರ್ತ್ ಎಸ್ಟೇಟಿನ ಬೇಟೆಕಾಡು ಕಾಯುತ್ತಿದ್ದವನನ್ನು, ಮಣ್ಣು ಮಾಡಿದ ದಿನ ಹಾಕಿಕೊಂಡಿದ್ದ ಹ್ಯಾಟು. ಆ ದಿನ ಚರ್ಚಿನಲ್ಲಿ ಬೈಬಲ್ಲಿನ ಪಾಠ ಓದಿದವನೂ ಎವರಾರ್ಡನೇ, ಇದೇ ಗಂಟಲಿನಲ್ಲಿ. "ನಮ್ಮ ಮನೆಯವನೇ ಹೋದ ಹಾಗಾಯ್ತು ವಿನ್ನಿ" ಎಂದು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಇಲ್ಲಿಗೆ ಹೇಗೆ ಬಂದಳು? ಯಾರು ಒಳಗೆ ಬಿಟ್ಟರು? ಆಮೇಲೆ ಹೊಳೆಯಿತು. ಬಿಟ್ಟವನು ತಾನೇ. ಪ್ರೇಕ್ಷಕರ ಚೀಟಿ ಬೇಕೆಂದು ಕ್ಷೇತ್ರದವರು ಬರೆಯುತ್ತಾರೆ, ಕಾರ್ಯದರ್ಶಿ ಎಂಬತ್ತು ಕಾಗದ ಒಟ್ಟಿಗೆ ತಂದಿಡುತ್ತಾಳೆ, ಅವನು ಫೋನಿನಲ್ಲಿ ಮಾತಾಡುತ್ತ ಸಹಿ ಗೀಚುತ್ತಾನೆ. "ನಿಮ್ಮನ್ನು ಇಲ್ಲಿ ಕಾಣಲು ನನಗೆ ಬಹಳ ಸಂತೋಷ" ಎಂದು ಅಚ್ಚು ಹಾಕಿಸಿದ ಒಕ್ಕಣೆ, ಕೆಳಗೆ ಅವನ ಸಹಿ. ಅವಳ ಮನೆ ಕಿತ್ತುಕೊಳ್ಳುವುದನ್ನು ನೋಡಲು ಅವಳನ್ನೇ ಕರೆಸಿ ಜಾಗ ಹಿಡಿದುಕೊಟ್ಟಿದ್ದ. ಇಂಥ ಅವಿವೇಕ ತನ್ನಂಥವರಿಗಲ್ಲದೆ ಬೇರೆ ಯಾರಿಗೆ ಸಾಧ್ಯ ಎಂದು ಹಲ್ಲು ಕಡಿದ. ಕಾರ್ಯದರ್ಶಿಯನ್ನು ಸೋಮವಾರವೇ ಕೆಲಸದಿಂದ ತೆಗೆಯಬೇಕು ಅಂದುಕೊಂಡ. ಅವಳು ಮಾಡಿದ ತಪ್ಪಾದರೂ ಏನೆಂದು ಹೊಳೆಯಲಿಲ್ಲ.

ಮೂರು ವಾರದ ಹಿಂದೆ, ಶನಿವಾರ, ಕೋಲ್ಡ್‌ಬೆಕ್ ಪೇಟೆಯ ಹಳೇ ಧಾನ್ಯದ ಮಂಡಿಯ ಹಿಂದಿನ ಕೋಣೆಯಲ್ಲಿ ಅವನು ಜನರ ಅಹವಾಲು ಕೇಳಲು ಕೂತಿದ್ದಾಗ ವಿನ್ನಿ ಎಲ್ಲರಂತೆ ಸಾಲಿನಲ್ಲಿ ನಿಂತು ಬಂದಿದ್ದಳು. ಕೂರು ಅಂದರೂ ಕೂರಲಿಲ್ಲ.

"ಮಾರ್ಚಿ ಇಪ್ಪತ್ತೈದರೊಳಗೆ ಖಾಲಿ ಮಾಡ್ಬೇಕಂತೆ ಸಣ್ಣ ದೊರೆ. ಪಿಯರ್ಸ್ ಸಾಹೇಬ್ರ ಆಫೀಸಿಂದ ಕಾಗ್ದ ಬಂದೈತೆ." ಅರವತ್ತೆಂಟು ವರ್ಷದವನನ್ನು ಸಣ್ಣ ದೊರೆ ಅನ್ನುವವರು ಇನ್ನು ಅವಳೊಬ್ಬಳೇ ಉಳಿದಿದ್ದಳು.

"ಎಸ್ಟೇಟು ಈಗ ಪಿಯರ್ಸ್ ನೋಡ್ಕೊಳ್ಳೋದು ವಿನ್ನಿ. ನಾನು ಕೈ ಹಾಕಲ್ಲ."

"ರಜಕ್ಕೆ ಬರೋರಿಗೆ ಬಾಡಿಗೆಗೆ ಕೊಡ್ತಾರಂತೆ. ನಂಗೆ ಪೇಟೇಲಿ ಮೂರನೇ ಮಾಡೀಲಿ ಒಂದು ಕೋಣೆ ಸಿಗ್ತದಂತೆ. ಮೂರನೇ ಮಾಡೀಲಿ ಕೋಳಿ ಎಲ್ಲಿ ಸಾಕ್ಲಿ?"

"ಅದೂ ನಿಜವೇ."

"ಒಂದು ಮಸೂದೆ ಬತ್ತದಂತೆ, ರೇಡಿಯೋದಲ್ಲಿ ಹೇಳಿದ್ರು. ಅದು ಗೆದ್ರೆ ನಾನು ಏಳ್ಬೇಕಾಗಿಲ್ವಂತೆ. ಹೌದಾ?"

"ಹೌದು."

"ಹಂಗಾದ್ರೆ ನೀವು ಯಾವ ಕಡೆ?"

"ನೋಡೋಣ ವಿನ್ನಿ. ನನ್ನ ಕೈಲಾದದ್ದು ಮಾಡ್ತೀನಿ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವಳು ತಲೆಯಾಡಿಸಿ ಹೋಗಿದ್ದಳು. ಆ ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಒಂದು ಮಾತು ಹೇಳಬೇಕು ಅಂದುಕೊಂಡ. ಪಿಯರ್ಸ್ ಚಾವಣಿಯ ದುರಸ್ತಿ, ಸಾವಿನ ತೆರಿಗೆ, ಬ್ಯಾಂಕು ಎಂದು ಶುರುಮಾಡಿದ. ಮಾತಿನಲ್ಲಿ ಅವನನ್ನು ಯಾರು ಗೆಲ್ಲಬೇಕು. ಎವರಾರ್ಡ್ ಮಾಂಸ ಕತ್ತರಿಸಿಕೊಂಡು ತಿಂದ.

"ಮಾನ್ಯ ಸದಸ್ಯರು ಇಪ್ಪತ್ತು ನಿಮಿಷದಿಂದ ಚಾವಣಿಯ ಮೇಲೇ ಇದ್ದಾರೆ" ಎಂದ ಸಭಾಧ್ಯಕ್ಷ. "ದಯವಿಟ್ಟು ಕೆಳಗಿಳಿದು ಮಸೂದೆಗೆ ಬರಬೇಕು."

"ಏಣಿ ಹುಡುಕುತ್ತಿದ್ದೆ, ಮಾನ್ಯ ಸಭಾಧ್ಯಕ್ಷರೇ" ಎಂದಿತು ಅವನ ಬಾಯಿ. ಎರಡೂ ಕಡೆಯವರು ಘೊಳ್ಳೆಂದು ನಕ್ಕರು. ಪ್ರೋಬರ್ಟ್ ಕೂಡ ಮೀಸೆಯಡಿ ನಕ್ಕ, ನಕ್ಕದ್ದಕ್ಕೆ ತನ್ನನ್ನೇ ಬೈದುಕೊಂಡವನಂತೆ ಮುಖ ತಿರುಗಿಸಿದ. ಅವನ ಹಿಂದೆ ಕೂತಿದ್ದ ಒಬ್ಬ ಎಳೆಯ ಸದಸ್ಯೆ ಸಿಟ್ಟಿನಿಂದ ಕೆಂಪಾಗಿ ಪ್ರಶ್ನೆ ಕೇಳಲು ಎದ್ದಳು. "ಕೂತ್ಕೊಳಮ್ಮಾ" ಎಂದು ಪ್ರೋಬರ್ಟ್ ಪಿಸುಗುಟ್ಟಿದ್ದು ಇಲ್ಲಿಯತನಕ ಕೇಳಿತು. "ನೀನೊಂದು ನಿಮಿಷ ಕೇಳಿದ್ರೆ ಆ ಮಹಾರಾಯ ಆರು ನಿಮಿಷ ಉತ್ತರ ಕೊಡ್ತಾನೆ." ಮೇಲೆ ವಿನ್ನಿ ನಗಲಿಲ್ಲ. ಎಲ್ಲರೂ ನಗುವಾಗ ಅವಳು ನಗದೆ ಇದ್ದದ್ದು ಎವರಾರ್ಡನಿಗೆ ಉದ್ಧಟತನವಾಗಿ ಕಂಡಿತು. ಇಷ್ಟು ವರ್ಷ ನಮ್ಮ ಮನೆಯ ಅನ್ನ ತಿಂದವಳು ಎಂದು ಒಳಗೆ ಯಾರೋ ಹೇಳಿದರು. ಅದು ಅಪ್ಪನ ಧ್ವನಿಯಾಗಿತ್ತು. ಅನ್ನ ಯಾರು ಯಾರದ್ದು ತಿಂದರು? ಆಗ ತನಗೆ ಹದಿನೇಳನೇ ವಯಸ್ಸು, ನವೆಂಬರಿನ ಮಂಜು, ಹಕ್ಕಿ ಬೇಟೆಯ ದಿನ. ಪೊದೆ ಅಲ್ಲಾಡಿತೆಂದು ತಗ್ಗಿಗೆ ಗುಂಡು ಹಾರಿಸಿದ್ದ. ಪೊದೆಯಿಂದ ಬಂದದ್ದು ಮನುಷ್ಯನ ಕೂಗು. ಹಕ್ಕಿ ಎಬ್ಬಿಸಲು ಬಂದಿದ್ದ ಕೂಲಿಯವನ ಮೊಣಕಾಲಿನ ತುಂಬ ಚರೆ. ಅಪ್ಪ ದೂರದಿಂದ ಓಡಿಬರುವಷ್ಟರಲ್ಲಿ, ಪಕ್ಕದಲ್ಲಿದ್ದ ಜಾಸ್, ಇಪ್ಪತ್ತೆರಡರ ಹುಡುಗ, ಎವರಾರ್ಡನ ಕೈಯಿಂದ ಬಂದೂಕು ಕಿತ್ತುಕೊಂಡಿದ್ದ. "ತಪ್ಪು ನಂದು ದೊರೆ. ನಾನೇ ಆತುರ ಬಿದ್ದೆ." ಅಪ್ಪ ಎಲ್ಲರೆದುರು ಜಾಸ್‌ನ ಕೆನ್ನೆಗೆ ಹೊಡೆದ. ಹಿರಿಯ ಕಾವಲುಗಾರನ ಕೆಲಸ ಅವನಿಗೆ ಒಂಬತ್ತು ವರ್ಷ ತಡವಾಗಿ ಸಿಕ್ಕಿತು. ಎವರಾರ್ಡ್ ತುಟಿ ಎರಡು ಮಾಡಲಿಲ್ಲ. ಚಮಚದ ಮೇಲೆ ಹತ್ತು ನಿಮಿಷ ಮಾತಾಡಬಲ್ಲವನಿಗೆ 'ನಾನು' ಎಂಬ ಎರಡಕ್ಷರ ಹೊರಡಲಿಲ್ಲ. ಐವತ್ತು ವರ್ಷ ಇಬ್ಬರೂ ಒಂದೇ ಕಾಡಿನಲ್ಲಿ ಓಡಾಡಿದರು. ಜಾಸ್ ಒಂದು ದಿನವೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಎತ್ತದೆ ಇದ್ದದ್ದಕ್ಕೆ ಅವನ ಮೇಲೂ ಸಿಟ್ಟು ಬಂತು, ಸತ್ತವನ ಮೇಲೆ.

"...ಇನ್ನು ಚಿಮಣಿಗಳ ವಿಷಯ." ಒಂದು ಐವತ್ತು. ಗಂಟಲು ಒಣಗಿತ್ತು. ಕಿಬ್ಬೊಟ್ಟೆ ಬಿಗಿಯುತ್ತಿತ್ತು, ಹನ್ನೆರಡು ಗಂಟೆಗೇ ಹೋಗಿಬರಬೇಕಾಗಿತ್ತು, ಮರೆತಿದ್ದ. ಈ ವಯಸ್ಸಿನಲ್ಲಿ ಮಸೂದೆಯ ಜೀವ ಮುದುಕನ ಮೂತ್ರಕೋಶದ ಮೇಲೆ ನಿಂತಿರುತ್ತದೆ ಎಂಬುದು ಪೇಪರಿನವರಿಗೆ ಗೊತ್ತಿಲ್ಲ. ಕಾಲು ಬದಲಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳನ್ನು ನೋಡಬಾರದು ಅಂದುಕೊಂಡಷ್ಟೂ ಕಣ್ಣು ಮೇಲಕ್ಕೇ ಹೋಗುತ್ತಿತ್ತು. ಮೊದಲು ಅವಳು ತೂಕಡಿಸುತ್ತಿದ್ದಾಳೆ ಅನಿಸಿ ನೆಮ್ಮದಿಯಾಯಿತು. ಅರ್ಥವಾಗುತ್ತಿಲ್ಲ ಪಾಪ. ಚಿಮಣಿ, ತೊಲೆ, ಬಡವರ ಬೆಚ್ಚನೆಯ ಒಲೆ ಎಂದು ತಾನು ಆಡುತ್ತಿರುವುದನ್ನು ಕೇಳಿ ತನ್ನ ಪರವಾಗಿಯೇ ಮಾತಾಡುತ್ತಿದ್ದಾನೆ ಎಂದುಕೊಂಡಿರಬಹುದು. ಹಾಗೇ ಅಂದುಕೊಳ್ಳಲಿ ದೇವರೇ. ಆಮೇಲೆ ಕನ್ನಡಕ ಸರಿಮಾಡಿಕೊಂಡು ನೋಡಿದ. ಅವಳು ತೂಕಡಿಸುತ್ತಿರಲಿಲ್ಲ. ಅವನನ್ನು ನೋಡುತ್ತಲೂ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಎದುರುಗೋಡೆಯ ಗಡಿಯಾರ. ಅವನು ನೋಡುತ್ತಿದ್ದದ್ದೂ ಅದನ್ನೇ. ಎಲ್ಲ ಗೊತ್ತಿತ್ತು ಅವಳಿಗೆ. ಎರಡು ಹತ್ತು. ಎರಡು ಹದಿಮೂರು. ಮುಳ್ಳು ಸರಿದಂತೆಲ್ಲ ಅವಳ ಗದ್ದ ಸ್ವಲ್ಪ ಸ್ವಲ್ಪವೇ ಮೇಲೇಳುತ್ತಿತ್ತು.

ಎರಡು ಹದಿನೆಂಟಕ್ಕೆ ನೀರು ಕುಡಿಯಲು ತಿರುಗಿದ. ಹಿಂದಿನ ಸಾಲಿನಲ್ಲಿ ಪಿಯರ್ಸ್ ಕೂತಿದ್ದ. ಪಕ್ಕದ ಕ್ಷೇತ್ರದಿಂದ ಆರಿಸಿಬಂದು ಮೂರು ವರ್ಷವಾಗಿತ್ತು. ತೊಡೆಯ ಮೇಲೆ ಮಡಿಸಿದ ಹಾಳೆ. ಅಪ್ಪನನ್ನು ನೋಡಿ ಹುಬ್ಬು ಕುಣಿಸಿದ. ಎವರಾರ್ಡ್ ನೀರು ಕುಡಿದ. ಎದುರಿಗೆ ತಿರುಗಿದ. ಆಗ ಒಳಗೆ ಏನೋ ಕಡಿದುಹೋಯಿತು. ಸಾಕು ಅನಿಸಿತು, ಎಲ್ಲ ಸಾಕು, ಸಚೇತಕನ ಹೊಗಳಿಕೆ, ಅಪ್ಪನ ಗಡಿಯಾರ, ಈ ನೂರಹನ್ನೆರಡು ವರ್ಷ. ಒಂದಾದರೂ ಮಸೂದೆ ಬದುಕಿಕೊಳ್ಳಲಿ. ಮೇಲೆ ಕೂತವಳು ನೋಡಲಿ. "ಚಿಮಣಿಗಳ ಬಗ್ಗೆ ಹೇಳುವುದು ಇನ್ನೂ ಇತ್ತು" ಎಂದ, "ಆದರೆ ಇಷ್ಟು ಸಾಕು." ಕೂತುಬಿಟ್ಟ.

ಪ್ರೋಬರ್ಟ್ ಗಡಿಯಾರ ನೋಡಿದ, ಅವನನ್ನು ನೋಡಿದ, ಬಾಯಿ ತೆರೆದೇ ಇತ್ತು. ಎರಡು ಹತ್ತೊಂಬತ್ತು. ಸಭಾಧ್ಯಕ್ಷ ಮತಕ್ಕೆ ಹಾಕಲು ಮುಂದಕ್ಕೆ ಬಾಗಿದ. ಎವರಾರ್ಡನ ಎದೆ ಮದುವೆಗಂಡಿನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ತಾನು ಒಳ್ಳೆಯವನು, ಈಗ, ಈ ಗಳಿಗೆ, ಎಂದು ಮೈಯೆಲ್ಲ ಹಗುರಾಯಿತು. ಕತ್ತೆತ್ತಿ ವಿನ್ನಿಯನ್ನು ನೋಡಿದ. ಹಿಂದಿನಿಂದ ಪಿಯರ್ಸನ ತಿಳಿಯಾದ ಧ್ವನಿ ಕೇಳಿತು.

"ಮಾನ್ಯ ಸಭಾಧ್ಯಕ್ಷರೇ, ನನ್ನ ಮಾನ್ಯ ಮಿತ್ರರು ಚಿಮಣಿಗಳನ್ನು ಅರ್ಧಕ್ಕೇ ಬಿಟ್ಟುಬಿಟ್ಟರು. ಹೊಗೆ ತುಂಬುವ ಮೊದಲು ಯಾರಾದರೂ ಆ ಕೆಲಸ ಮುಗಿಸಬೇಕಲ್ಲ?" ನಗು. ಸಭೆಯಲ್ಲಿ ಮಗ ಅಪ್ಪನನ್ನು ಅಪ್ಪ ಅನ್ನುವಂತಿಲ್ಲ, ಮಾನ್ಯ ಮಿತ್ರ ಅನ್ನಬೇಕು. ಪಿಯರ್ಸ್ ತೊದಲಲಿಲ್ಲ, ಒಮ್ಮೆಯೂ ಗಡಿಯಾರ ನೋಡಲಿಲ್ಲ. ಹನ್ನೊಂದು ನಿಮಿಷ. ಎರಡೂವರೆಗೆ ಸಭಾಧ್ಯಕ್ಷ "ಆರ್ಡರ್, ಆರ್ಡರ್" ಎಂದ. ಪ್ರೋಬರ್ಟ್ ತನ್ನ ಒಂದೂವರೆ ಹಾಳೆಯನ್ನು ಎರಡಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಹೊರಗೆ ಬರುತ್ತಿದ್ದ ಹಾಗೇ ಜವಾನ ಹಸಿರು ಚೀಟಿ ತಂದ. ಕ್ಷೇತ್ರದವರು ಸದಸ್ಯನನ್ನು ಕಾಣಬೇಕಾದರೆ ನಡುಮೊಗಸಾಲೆಯಲ್ಲಿ ಅದನ್ನು ತುಂಬಿ ಕಳಿಸುತ್ತಾರೆ. ಹೆಸರು: ವಿ. ಕ್ಯಾಪ್‌ಸ್ಟಿಕ್. ವಿಷಯ ಎಂಬಲ್ಲಿ 'ಮನೆ' ಎಂದು ಬರೆದಿದ್ದಳು. ಸದಸ್ಯರು ಸಿಗಲಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಹೋದ. ಹೋಗುವುದರಲ್ಲಿ ಒಂದು ದುರಾಸೆಯೂ ಇತ್ತು; ತಾನು ಕೂತದ್ದನ್ನು ಅವಳು ನೋಡಿದ್ದಳಲ್ಲ.

"ವಿನ್ನಿ, ಟೀ ಕುಡೀತೀಯಾ? ಒಳಗೆ..."

"ಬ್ಯಾಡ. ನಾಕೂ ಹತ್ತಕ್ಕೆ ರೈಲು. ಬಾಗ್ಲಲ್ಲಿ ನಿಂತಿದ್ನಲ್ಲ ಆ ಮನುಷ್ಯ, ನಂಗೆ ಎಲ್ಲಾ ಬಿಡಿಸಿ ಹೇಳ್ದ. ಎರಡೂವರೆಗಂಟ ಮಾತಾಡಿದ್ರೆ ಮಸೂದೆ ಸತ್ತೋಯ್ತದೆ ಅಂದ. ದಿಟವಾ?"

"ನಿಜ. ಆದರೆ ನಾನು ಕೂತೆ ವಿನ್ನಿ. ನೋಡ್ದೆ ತಾನೆ? ಎರಡು ಹತ್ತೊಂಬತ್ತಕ್ಕೇ ಕೂತೆ. ಹನ್ನೊಂದು ನಿಮಿಷ ಬಿಟ್ಟುಕೊಟ್ಟೆ."

"ಅದಕ್ಕೆ ಮುಂಚೆ ಒಂದೂವರೆ ಗಂಟೆ?"

"ಅದು... ಅದು ಇಲ್ಲಿಯ ಪದ್ಧತಿ. ನಿನಗೆ ಅರ್ಥ ಆಗಲ್ಲ."

"ನಮ್ಮವ್ವನ್ನ ಎಬ್ಬಿಸಿದ್ದು ನಿಮ್ಮಪ್ಪ" ಎಂದಳು ವಿನ್ನಿ. "ನಮ್ಮಪ್ಪ ಹೋಗಿ ಹದಿನೈದು ದಿನ. ಕುದುರೆ ಇಳ್ದು ಬಾಗ್ಲಿಗೆ ಬಂದು, ಟೋಪಿ ತೆಗ್ದು, 'ಮನೆ ನಂಗೆ ಬೇಕಮ್ಮಾ' ಅಂದ್ರು. ಅವ್ವ ಮಕದ ಮೇಲೆ ಉಗುದ್ಳು. ಒರೆಸ್ಕಂಡು ಹೋದ್ರು. ಆ ವಯ್ಯನ್ನ ಇವತ್ತಿನಗಂಟ ಬಯ್ಕಂಡು ಬಂದೆ. ಪಾಪ, ಉಗಿಯಕ್ಕಾದ್ರೂ ಒಂದು ಮಕ ಕೊಟ್ಟಿದ್ರು."

"ನಾಲಿಗೆ ಬಿಗಿ ಹಿಡಿ!" ಎವರಾರ್ಡ್ ಕಿರುಚಿದ. ಕಲ್ಲಿನ ಕಮಾನುಗಳ ಕೆಳಗೆ ಅದು ದೊಡ್ಡದಾಗಿ ಕೇಳಿ, ಶಾಲೆಯ ಮಕ್ಕಳನ್ನು ಕರೆತಂದಿದ್ದ ಒಬ್ಬಳು ತಿರುಗಿ ನೋಡಿದಳು. "ನಾನು ನಿನ್ನ ಪರವಾಗಿ ಕೂತೆ. ಮಗ ಎದ್ದು ನಿಂತದ್ದಕ್ಕೆ ನಾನೇನು ಮಾಡ್ಲಿ? ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲಾನೂ ನಾನು ಹೀಗೆ ಕೂತಿಲ್ಲ, ಗೊತ್ತಾ ನಿನಗೆ? ಒಂದು ಸಲಾನೂ!"

"ಇದ್ದೀತು" ಎಂದಳು ವಿನ್ನಿ. "ಕೋಳಿಗಳ್ನ ನಿಮ್ಮ ಅಡಿಗೆಮನೆಗೆ ಕಳಿಸ್ತೀನಿ. ಆರವೆ. ಒಂದು ಮೊಟ್ಟೆ ಇಕ್ಕಲ್ಲ, ಅದನ್ನ ಮೊದ್ಲು ಕುಯ್ಕಳಿ." ಹ್ಯಾಟು ನೆಟ್ಟಗೆ ಮಾಡಿಕೊಂಡು ಬಾಗಿಲ ಕಡೆ ನಡೆದಳು. ಅವಳಿಗೆ ದಾರಿ ತಪ್ಪೀತೆಂದು ಜವಾನ ಹಿಂದೆಯೇ ಓಡಿದ.

ಎವರಾರ್ಡ್ ಮಗನನ್ನು ಹುಡುಕಿಕೊಂಡು ಹೊರಟ. ಸಿಟ್ಟು ಕೊನೆಗೂ ಯಜಮಾನನನ್ನು ಕಂಡುಕೊಂಡ ನಾಯಿಯಂತೆ ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ಉದ್ದದ ಓಣಿಯಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಬೈಗುಳ ಜೋಡಿಸಿಕೊಂಡ. ಅಯೋಗ್ಯ. ಕಲ್ಲೆದೆಯವನೇ. ಆ ಹೆಂಗಸು ನಿನ್ನನ್ನು ಎತ್ತಿ ಆಡಿಸಿದವಳು. ನಿನ್ನ ಅಪ್ಪ ಬದುಕಿನಲ್ಲಿ ಒಂದು ಸಲ, ಒಂದೇ ಸಲ, ನೆಟ್ಟಗೆ ನಡೆದುಕೊಳ್ಳಲು ಹೋದರೆ ಅದನ್ನೂ ಕಸಿದೆಯಲ್ಲೋ. ಎಲ್ಲರೆದುರಿಗೇ ಅನ್ನಬೇಕು. ಕಪ್ಪು ಒಡೆದರೂ ಸರಿ. ಟೀ ಕೋಣೆಯ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋದ. ಕಿಟಕಿಯ ಪಕ್ಕದ ಮೇಜಿನಲ್ಲಿ ಪಿಯರ್ಸ್ ಬನ್ನಿಗೆ ಬೆಣ್ಣೆ ಸವರುತ್ತಿದ್ದ. ಅಪ್ಪನನ್ನು ಕಂಡು ಮುಖ ಅರಳಿತು. ಅದರಲ್ಲಿ ಕಪಟವೇನೂ ಇರಲಿಲ್ಲ, ನಿಜವಾದ ಗಾಬರಿ ಇನ್ನೂ ಉಳಿದಿತ್ತು.

"ಅಪ್ಪ, ಏನಾಯ್ತು ನಿಮಗೆ? ಮೈಗೆ ಹುಷಾರಿಲ್ವಾ? ಹಾಗೆ ಕೂತ್ಬಿಟ್ರಲ್ಲ, ನನ್ನ ಎದೆ ಧಸಕ್ ಅಂತು. ನಾನಿಲ್ದೇ ಇದ್ದಿದ್ರೆ ಏನು ಗತಿ?"

"ನೀನು ಹಿಂದೆ ಇದ್ದದ್ದು ನೋಡಿದ್ನಲ್ಲ" ಎಂದ ಎವರಾರ್ಡ್.

ಹೇಳಿದ ಮೇಲೆ ಆ ಮಾತು ಅವನಿಗೆ ಕೇಳಿಸಿತು. ಓಣಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದರಲ್ಲಿ ಅದು ಇರಲಿಲ್ಲ. ಪಿಯರ್ಸ್ ನಿರಾಳವಾಗಿ ನಕ್ಕು, ಪಕ್ಕದ ಕುರ್ಚಿ ಎಳೆದುಕೊಟ್ಟು, ಇನ್ನೊಂದು ಕಪ್ ಟೀ ತರಲು ಹೇಳಿದ. ಎವರಾರ್ಡ್ ಕೂತ.